ಬಲೆಯ ಆಚೆಗಿದ್ದ ಗೂಡು

ಅಗಸೂರಿನ ಮಹಿಳಾ ಸಂಘದ ಅಧ್ಯಕ್ಷೆ ನನ್ನ ವರದಿಯನ್ನು ಎಲ್ಲರೆದುರು ಓದಿದ ದಿನ ನನಗೆ ಕೂರಲು ಯಾರೂ ಜಾಗ ಕೊಡಲಿಲ್ಲ. ಹದಿನಾರು ಹೆಂಗಸರು ಅವರ ಮನೆಯ ಜಗಲಿಯ ಮೇಲೆ ಚಾಪೆ ಹಾಸಿ ಕೂತಿದ್ದರು. ನಾನು ಅಂಗಳದಲ್ಲಿ ನನ್ನ ಸ್ಕೂಟರಿನ ಪಕ್ಕ ನಿಂತಿದ್ದೆ. ಅಧ್ಯಕ್ಷೆ ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಪದ ಬಿಡಿಸಿ ಓದಿದರು. 'ಫಲಾನುಭವಿಗಳ ನಿರ್ಲಕ್ಷ್ಯ ಹಾಗೂ ಮೂಢನಂಬಿಕೆಯಿಂದಾಗಿ ಮರಿಗಳು ನಷ್ಟವಾಗಿರುತ್ತವೆ.' ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಇದ್ರ ಕೆಳಗೆ ಇರುದು ನಿಮ್ದೇ ಸಹಿ ಅಲ್ರಾ, ಮೇಡಂ?”

ನನ್ನದೇ ಎಂದೆ. ಅಲ್ಲ ಎನ್ನುವ ಹಾಗೂ ಇರಲಿಲ್ಲ.

ನಾನಾಗ ಅಂಕೋಲೆಯ ಹೊರಗಿನ ಒಂದು ಕೋಳಿಮರಿ ಸಾಕಣೆ ಘಟಕದಲ್ಲಿ ಮೇಲ್ವಿಚಾರಕಿಯಾಗಿದ್ದೆ. ಒಂದು ದಿನದ ಮರಿಗಳು ನಮ್ಮಲ್ಲಿಗೆ ಬರುತ್ತವೆ. ಐದು ವಾರ ಬಲ್ಬಿನ ಕಾವಿನಲ್ಲಿ ಬೆಳೆಸಿ, ಲಸಿಕೆ ಹಾಕಿ, ಹಳ್ಳಿಯ ಸಂಘಗಳಿಗೆ ಹಂಚುತ್ತೇವೆ. ಅಂಗಳದಲ್ಲಿ ಮೇಯ್ದು, ಸಂಜೆ ಗೂಡಿಗೆ ಬರುವ ಕೋಳಿ ಎಂದು ಹೇಳಿಯೇ ಕೊಡುವುದು. ದಸರೆಯ ನಂತರ ಅಗಸೂರಿನ ಸಂಘಕ್ಕೆ ಮನೆಗೆ ಹತ್ತರಂತೆ ಕೊಟ್ಟಿದ್ದೆವು. ಮೂರು ವಾರ ಕಳೆಯುವುದರೊಳಗೆ ಮುಕ್ಕಾಲು ಪಾಲು ಮರಿಗಳು ಇಲ್ಲವಾದವು. ರೋಗವೇನೂ ಬಂದಿರಲಿಲ್ಲ. ಮುಂಗುಸಿ ಒಯ್ದಿತು, ಕಾಡುಬೆಕ್ಕು ಒಯ್ದಿತು, ಹುಡುಕಿದರೂ ಸಿಗಲಿಲ್ಲ ಎಂದು ದಿನಾ ಫೋನು.

ಘಟಕದ ಡಾಕ್ಟರು ಕಾರವಾರದಿಂದ ಬಂದು ಹೋಗುವವರು. ಹೋಗಿ ನೋಡಿಕೊಂಡು ಬಂದು ವರದಿ ಬರೆ ಎಂದರು. ಎರಡು ಮನೆಗೆ ಹೋದೆ. ಒಟ್ಟು ಅರ್ಧ ಗಂಟೆ. ಖಾಲಿ ಗೂಡು ಕಂಡಿತು. ಹೊಸ ಮರಿಗಳು ದಾರಿ ತಪ್ಪದಿರಲಿ ಎಂದು ಒಂದೊಂದನ್ನೂ ಎತ್ತಿಕೊಂಡು ಒರಳುಕಲ್ಲಿಗೆ ಮೂರು ಸುತ್ತು ಬಂದೆವು ಎಂದು ಒಬ್ಬಾಕೆ ಹೇಳಿದಳು. ನನಗೆ ಬೇಕಾದದ್ದು ಸಿಕ್ಕಿತು. ಮೂಢನಂಬಿಕೆ ಎಂಬ ಪದ ಬಂದದ್ದು ಅಲ್ಲಿಂದ. ಕಾರವಾರದ ನಮ್ಮ ಮನೆಯಲ್ಲಿ ಹೊಸ ಬೆಕ್ಕು ತಂದರೆ ಅಮ್ಮನೂ ಇದನ್ನೇ ಮಾಡುತ್ತಾಳೆ. ಬರೆಯುವಾಗ ಅದು ನೆನಪಾಗಲಿಲ್ಲ, ಅಥವಾ ನೆನಪು ಮಾಡಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಆ ಒಂದು ಸಾಲಿನಿಂದ ಸಂಘದ ಹೆಸರು ಕೈಬಿಡುವವರ ಪಟ್ಟಿಗೆ ಹೋಗಿತ್ತು. ಇನ್ನು ಮುಂದೆ ಮರಿಯಷ್ಟೇ ಅಲ್ಲ, ಆಡು, ಹೊಲಿಗೆ ಯಂತ್ರ, ತರಬೇತಿ ಯಾವುದೂ ಅವರಿಗೆ ಬರುವಂತಿರಲಿಲ್ಲ. ಮನೆ ಮನೆ ತಿರುಗಿ ಆ ಸಂಘ ಕಟ್ಟಿದವರು ಅಧ್ಯಕ್ಷೆ. ಈಗ ಆ ಹೆಂಗಸರು ಅವರ ಮೇಲೇ ಹರಿಹಾಯುತ್ತಿದ್ದರು. ನಿನ್ನ ಮಾತು ಕೇಳಿ ನಾವು ಸೋಮಾರಿಗಳೆಂದು ಬರೆಸಿಕೊಂಡೆವು ಎಂದು ಇಬ್ಬರು ಆಗಲೇ ಸಂಘ ಬಿಟ್ಟಿದ್ದರು.

“ನಿರ್ಲಕ್ಷ್ಯ ಅಂದ್ರೆ ಎಂತದು ಅಂತ ನೋಡುಕೆ ಸಂಜೆ ತನಕ ನಿಲ್ಲಿ,” ಎಂದರು ಅಧ್ಯಕ್ಷೆ. “ಅರ್ಧ ತಾಸಲ್ಲ. ಕತ್ತಲಾಗೂ ತನಕ.”

ನಿಂತೆ. ಅವರ ತಪ್ಪನ್ನು ಅವರ ಅಂಗಳದಲ್ಲೇ ಹಿಡಿಯುತ್ತೇನೆ ಎಂಬ ಹಟದಿಂದ ನಿಂತೆ.

ಅವರ ಹತ್ತರಲ್ಲಿ ಮೂರು ಮರಿ ಉಳಿದಿದ್ದವು. ನಾಯಿ ಬಾರದ ಹಾಗೆ ಹಿತ್ತಿಲಿಗೆ ಹಳೆಯ ಮೀನುಬಲೆಯ ಬೇಲಿ ಇತ್ತು. ಆ ಬಲೆ ನಾನೇ ತಂದುಕೊಟ್ಟದ್ದು. ನಮ್ಮದು ಮೀನುಗಾರರ ಮನೆ. ಅಣ್ಣನ ಅಂಗಳದಲ್ಲಿ ಹರಿದ ಬಲೆಗೆ ಬರವಿಲ್ಲ. ಮರಿ ಹಂಚುವ ದಿನ ಟೆಂಪೋದಲ್ಲಿ ಹೇರಿಕೊಂಡು ಬಂದು, ನೋಡಿ ನಿಮಗಾಗಿ ಎಷ್ಟು ಮಾಡುತ್ತೇನೆ ಎಂದು ಕೊಚ್ಚಿಕೊಂಡಿದ್ದೆ. ಗೂಡು ಬಲೆಯ ಒಳಗಡೆ. ಒಳಹೋಗುವ ಕಿಂಡಿ ಏಳೆಂಟು ಹೆಜ್ಜೆ ಆಚೆ, ಬಚ್ಚಲ ಗೋಡೆಯ ಪಕ್ಕ.

ಹೊತ್ತು ಇಳಿದಾಗ ಮನೆಯ ಹಳೆ ಕೋಳಿಗಳು ಕೆರೆಯುವುದು ಬಿಟ್ಟು, ಬಚ್ಚಲ ಕಡೆ ಸುತ್ತಿ, ಕಿಂಡಿ ದಾಟಿ ಗೂಡು ಹತ್ತಿದವು. ನಮ್ಮ ಮೂರು ಮರಿಗಳು ನೇರವಾಗಿ ಬಲೆಯ ಹತ್ತಿರ ಬಂದವು. ಗೂಡು ಕಣ್ಣೆದುರಿಗೇ ಕಾಣುತ್ತದೆ. ಕೊಕ್ಕು ತೂರಿಸಿದವು, ಎದೆ ಒತ್ತಿದವು, ಅಲ್ಲೇ ಎರಡಡಿ ಆಚೆ ಎರಡಡಿ ಈಚೆ ಓಡಾಡಿದವು. ಗೂಡಿಗೆ ಬೆನ್ನು ತಿರುಗಿಸಿ ಏಳೆಂಟು ಹೆಜ್ಜೆ ದೂರ ಹೋದರೆ ದಾರಿ ಇದೆ. ಆ ಏಳೆಂಟು ಹೆಜ್ಜೆ ಅವಕ್ಕೆ ಬರಲಿಲ್ಲ. ಬೆಳಕು ಹೋಗುತ್ತಿದ್ದಂತೆ ಬಲೆಗೆ ಅಂಟಿಕೊಂಡೇ ನೆಲದ ಮೇಲೆ ಕೂತು ಕಣ್ಣು ಮುಚ್ಚಿದವು. ಮುಂಗುಸಿಗೆ ಇನ್ನೇನು ಬೇಕು.

“ದಿನಾ ಇದೇ,” ಎಂದರು ಅಧ್ಯಕ್ಷೆ. “ಕಂಡದ್ದನ್ನ ಎತ್ತಿ ಒಳಗೆ ಹಾಕ್ದೆ. ಕಾಣದ್ದು ಹೋಯ್ತು. ನಮ್ಮ ಕೋಳಿಗೆ ಬರೂ ಬುದ್ಧಿ ನಿಮ್ಮ ಮರಿಗೆ ಯಾಕೆ ಬರುದಿಲ್ಲ, ಅದನ್ನ ಬರೀರಿ ವರದಿಯಲ್ಲಿ.”

ಅಷ್ಟು ಹೊತ್ತು ನಿಂತರೂ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ನನ್ನ ಕೈಗೆ ಬರಲಿಲ್ಲ. ದಾರಿಹೋಕರಿಗೂ ಕೊಡುವ ಊರು ಅದು. ಮೈಯೆಲ್ಲ ಉರಿದುಕೊಂಡು ಸ್ಕೂಟರ್ ಹತ್ತಿದೆ. ಉರಿ ಅವರ ಮೇಲಿನದೋ ಆ ಮರಿಗಳ ಮೇಲಿನದೋ ನನಗೇ ಗೊತ್ತಾಗಲಿಲ್ಲ.

ಡಾಕ್ಟರಿಗೆ ಹೇಳಿದೆ. ಅವರು ಮೂಗು ಮುರಿದರು. ಕದ್ರಾದಲ್ಲೂ ಇದೇ ಮರಿ ಕೊಟ್ಟಿದ್ದೇವೆ, ಅಲ್ಲಿಂದ ಒಂದೂ ದೂರಿಲ್ಲ, ಹಾಗಾದರೆ ಅಗಸೂರಿನವರದೇ ತಪ್ಪು ಎಂದರು. ಅದೂ ಅಲ್ಲದಿದ್ದರೆ ತಳಿಯ ಗುಣ. ನಮ್ಮಿಂದೇನು ಮಾಡಲಾಗುತ್ತದೆ? ಆ ಭಾನುವಾರ ನನ್ನ ಕೈಯಿಂದಲೇ ಖರ್ಚು ಹಾಕಿ ಕದ್ರಾದ ಬಸ್ ಹತ್ತಿದೆ. ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವವರೊಬ್ಬರ ಮನೆ. ಮರಿಗಳು ದಷ್ಟಪುಷ್ಟವಾಗಿ ಮಿರಿಮಿರಿ ಮಿಂಚುತ್ತಿದ್ದವು, ಜಾಳಿಗೆಯ ಶೆಡ್ಡಿನೊಳಗೆ. ಒಂದು ದಿನವೂ ಹೊರಗೆ ಬಿಟ್ಟಿರಲಿಲ್ಲ. ಒಂದನ್ನು ಬಿಡಿಸಿದೆ. ಅದು ಶೆಡ್ಡಿನ ಮೂಲೆ ತಿರುಗಿತು. ತಿರುಗಿದ ಮೇಲೆ ಬಾಗಿಲು ಎಲ್ಲಿ ಎಂಬುದು ಅದಕ್ಕೆ ತಿಳಿಯಲಿಲ್ಲ. ಗೇರುಗಿಡಗಳ ನಡುವೆ ಅದನ್ನು ಹಿಡಿಯಲು ಮನೆಯವರಿಗೆ ಒಂದು ತಾಸು ಬೇಕಾಯಿತು. ಇನ್ನೊಮ್ಮೆ ಈ ಕಡೆ ಕಾಲಿಡಬೇಡಿ ಎಂದು ಹೇಳಿ ಕಳಿಸಿದರು. ಅಲ್ಲಿಂದ ದೂರು ಏಕೆ ಬಂದಿಲ್ಲ ಎಂಬುದಕ್ಕೆ ಮಾತ್ರ ನನಗೆ ಉತ್ತರ ಸಿಕ್ಕಿತ್ತು.

ಮರುದಿನ ಘಟಕಕ್ಕೆ ಬಂದು ನಮ್ಮ ಮರಿಮನೆಯನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದೆ. ನಾವು ಮರಿಗಳನ್ನು ತಗಡಿನ ದುಂಡು ಆವರಣದಲ್ಲಿ ಇಡುತ್ತೇವೆ. ಮೂಲೆ ಇದ್ದರೆ ಚಳಿಗೆ ಅಲ್ಲಿ ಹೋಗಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ, ಅದಕ್ಕೇ ದುಂಡು. ನೆಲಕ್ಕೆ ಭತ್ತದ ಹೊಟ್ಟು, ನಡುವೆ ಬಲ್ಬು, ಸುತ್ತ ಕಾಳು, ನೀರು. ಯಾವ ಮರಿ ಎಲ್ಲಿ ನಿಂತರೂ ಎಲ್ಲವೂ ಕಾಣುತ್ತದೆ. ಬೇಕಾದದ್ದಕ್ಕೆ ನೇರ ಓಡಿದರೆ ಸಾಕು. ಅವು ಐದು ವಾರದಲ್ಲಿ ಯಾವುದರ ಹಿಂದೆಯೂ ಹೋಗಿಲ್ಲ, ಯಾವುದನ್ನೂ ಸುತ್ತಿ ಬಂದಿಲ್ಲ, ಕಣ್ಣಿಗೆ ಮರೆಯಾದದ್ದನ್ನು ನೆನಪಿಟ್ಟುಕೊಂಡು ಹುಡುಕಿಲ್ಲ. ಆ ಮರಿಮನೆಯ ಅಚ್ಚುಕಟ್ಟಿಗೆ ಬಂದವರೆಲ್ಲ ನನ್ನನ್ನು ಹೊಗಳುತ್ತಿದ್ದರು.

ಹಾಗಾದರೆ ತಾಯಿಕೋಳಿ ಕಲಿಸುವುದು ಏನು, ಯಾವಾಗ? ಅದನ್ನು ನೋಡಬೇಕಿತ್ತು. ನನಗೆ ಗೊತ್ತಿದ್ದ ಮಟ್ಟಿಗೆ ಆಗ ಮರಿಯೊಡೆಸಿದ್ದ ಕೋಳಿ ಇದ್ದದ್ದು ಅಧ್ಯಕ್ಷೆಯ ಮನೆಯಲ್ಲೇ. ಹಲ್ಲು ಕಚ್ಚಿಕೊಂಡು ಹೋದೆ. ಅವರು ಬೇಡ ಎನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಅಂಗಳದ ತುದಿಯ ಕಲ್ಲು ತೋರಿಸಿ ಒಳಗೆ ಹೋದರು. ಎರಡು ವಾರ, ದಿನ ಬಿಟ್ಟು ದಿನ, ಡ್ಯೂಟಿ ಮುಗಿಸಿ ಆ ಕಲ್ಲಿನ ಮೇಲೆ ಕೂತೆ. ಮೊದಲ ವಾರ ಮರಿಗಳು ತಾಯಿಯ ಕಾಲಬುಡ ಬಿಡಲಿಲ್ಲ. ಹತ್ತನೆಯ ದಿನದ ಸುಮಾರಿಗೆ ಆಟ ಬದಲಾಯಿತು. ತಾಯಿ ಕಟ್ಟಿಗೆ ರಾಶಿಯ ಹಿಂದೆ ಹೋದಳು. ನಾಲ್ಕು ಮರಿ ಈಚೆ ಉಳಿದವು. ಒಂದು ಬಲಕ್ಕೆ ಓಡಿತು, ತಾಯಿ ಕಾಣಲಿಲ್ಲ, ಚೀಂವ್‌ಗುಟ್ಟಿ ವಾಪಸು ಬಂದು ಎಡಕ್ಕೆ ಓಡಿತು. ನಾನು ಮುಂದಿನ ಸಲ ಹೋದಾಗ ಅವೇ ಮರಿಗಳು ಬೇಕೆಂದೇ ರಾಶಿಯ ಹಿಂದೆ ಹೋಗಿ ಇಣುಕಿ ಬರತೊಡಗಿದವು. ಹದಿನಾಲ್ಕನೆಯ ದಿನಕ್ಕೆ ತಾಯಿ ಯಾವ ಕಡೆ ಮರೆಯಾದಳೋ ಆ ಕಡೆಯಿಂದಲೇ ಸುತ್ತಿ ಹೋಗುತ್ತಿದ್ದವು.

ಮುಂದಿನ ಕಂತಿನ ಮರಿಗಳು ಬಂದಾಗ ಡಾಕ್ಟರಲ್ಲಿ ಅನುಮತಿ ಕೇಳಿದೆ. ಇಲ್ಲ ಎಂದರು. ಆದರೂ ಅರ್ಧ ಮರಿಗಳನ್ನು ಎರಡನೆಯ ಆವರಣಕ್ಕೆ ಹಾಕಿದೆ. ಒಂದೇ ದಿನ ಒಡೆದ, ಒಂದೇ ತಳಿಯ ಮರಿಗಳು. ಎಣಿಸಿ, ಒಂದು ಅಲ್ಲಿ ಒಂದು ಇಲ್ಲಿ ಎಂದು ಹಂಚಿದೆ. ತಳಿಯ ಗುಣ ಎನ್ನುವ ಬಾಯಿ ಮುಚ್ಚಬೇಕಿತ್ತಲ್ಲ. ಕಾಲಿಗೆ ಬಣ್ಣದ ದಾರ ಕಟ್ಟಿದೆ. ಎಂಟನೆಯ ದಿನ ಎರಡನೆಯ ಆವರಣದಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ತಗಡಿಗೆ ಒರಗಿಸಿ ಮರೆ ಮಾಡಿದೆ.

ಆ ರಾತ್ರಿ ಕರೆಂಟು ಹೋಗಿದೆ. ಬೆಳಿಗ್ಗೆ ಬಂದು ನೋಡಿದರೆ ಪೆಟ್ಟಿಗೆಗೂ ತಗಡಿಗೂ ನಡುವಿನ ಸಂದಿಯಲ್ಲಿ ಹನ್ನೊಂದು ಮರಿಗಳು ಒಂದರ ಮೇಲೊಂದು ಬಿದ್ದು ಸತ್ತಿದ್ದವು. ಮೂಲೆ ಮಾಡಬಾರದು ಎಂಬುದು ಈ ಕೆಲಸದ ಮೊದಲ ಪಾಠ. ಅದನ್ನು ಹೊಸಬರಿಗೆ ಹೇಳಿಕೊಡುತ್ತಿದ್ದವಳು ನಾನು. ಡಾಕ್ಟರು ಬಂದು, ಘಟಕದ ಕೆಲಸದವಳನ್ನು ದೂರ ನಿಲ್ಲಿಸಿ, ನೀನೇ ಗುಂಡಿ ತೋಡು ಎಂದರು. ತೋಡಿದೆ. ಮಾರ್ಚಿನಲ್ಲಿ ನನ್ನ ಗುತ್ತಿಗೆ ಮುಂದುವರಿಸುವ ಕಾಗದಕ್ಕೆ ಸಹಿ ಹಾಕುವವರು ಅವರೇ. ಅದನ್ನೂ ಗುಂಡಿಯ ದಂಡೆಯಲ್ಲಿ ನಿಂತು ನೆನಪಿಸಿದರು. ಅವರು ಹೋದ ಮೇಲೆ ಅತ್ತೆ.

ಅತ್ತು ಮುಗಿಸಿ ಕಾರವಾರಕ್ಕೆ ಹೋದೆ. ಅಣ್ಣನ ಅಂಗಳದಲ್ಲಿ ಒಡೆದ ದೋಣಿಯ, ಮೀನೆಣ್ಣೆ ಬಳಿದ ಹಲಗೆಗಳಿದ್ದವು. ಮೊಣಕೈ ಉದ್ದಕ್ಕೆ ಕೊಯ್ಯಿಸಿ, ಎರಡೂ ತುದಿಗೆ ಅಡ್ಡಪಟ್ಟಿ ಹೊಡೆದು, ತಾನಾಗಿ ನಿಲ್ಲುವ ಹಾಗೆ ಮಾಡಿಸಿದೆ. ಈ ಸಲ ಯಾವುದನ್ನೂ ತಗಡಿಗೆ ತಾಗಿಸಲಿಲ್ಲ. ಪ್ರತಿ ಹಲಗೆಯ ಎರಡೂ ಬದಿಗೆ ಹಾದಿ ಬಿಟ್ಟು ಆವರಣದ ನಡುವೆ ನಿಲ್ಲಿಸಿದೆ. ಸುತ್ತಿ ಹೋಗಬಹುದು, ಸಿಕ್ಕಿಹಾಕಿಕೊಳ್ಳುವಂತಿಲ್ಲ. ಕಾಳಿನ ತಟ್ಟೆ ಒಂದು ಹಲಗೆಯ ಹಿಂದೆ, ನೀರು ಇನ್ನೊಂದರ ಹಿಂದೆ. ಸಂಜೆ ಹಲಗೆಗಳನ್ನು ತೆಗೆದು, ಬೆಳಿಗ್ಗೆ ಅದೇ ಜಾಗದಲ್ಲಿ ಇಡುತ್ತಿದ್ದೆ. ಮರಿಮನೆಯೆಲ್ಲ ಮೀನೆಣ್ಣೆಯ ವಾಸನೆ ಎಂದು ಡಾಕ್ಟರು ಮೂಗಿಗೆ ಕರವಸ್ತ್ರ ಹಿಡಿದು ಬಂದರು. ಒಂದೇ ಒಂದು ಮರಿ ಸತ್ತರೂ ಅವತ್ತೇ ನಿನ್ನ ಕೊನೆಯ ದಿನ ಎಂದರು. ಒಂದೂ ಸಾಯಲಿಲ್ಲ.

ನಾಲ್ಕನೆಯ ವಾರ ಪರೀಕ್ಷೆ. ಬಲೆಯ ತುಂಡನ್ನು ಮೂರು ಕಡೆ ಗೋಡೆಯ ಹಾಗೆ ಕಟ್ಟಿ, ಹಿಂದುಗಡೆ ತೆರೆದಿಟ್ಟೆ. ಒಂದು ಮರಿಯನ್ನು ಒಳಗೆ ಬಿಡುವುದು. ಜೊತೆಯ ಮರಿಗಳು ಬಲೆಯಾಚೆ ಎದುರಿಗೇ ಕಾಣುತ್ತವೆ. ಅವುಗಳನ್ನು ಸೇರಬೇಕಾದರೆ ಮೊದಲು ಅವುಗಳಿಗೆ ಬೆನ್ನು ಮಾಡಬೇಕು. ಮೊಬೈಲಿನಲ್ಲಿ ಹೊತ್ತು ಅಳೆದೆ. ಖಾಲಿ ಆವರಣದ ಮರಿಗಳಲ್ಲಿ ಹೆಚ್ಚಿನವು ಹತ್ತು ನಿಮಿಷವಾದರೂ ಬಲೆಗೆ ಎದೆ ಒತ್ತಿಕೊಂಡೇ ಇದ್ದವು. ಹಲಗೆಯ ಮರಿಗಳು ಒಮ್ಮೆ ಒತ್ತಿ ನೋಡಿ, ತಿರುಗಿ, ಸುತ್ತಿ ಬಂದವು. ಇನ್ನೊಂದು ಪರೀಕ್ಷೆ ನೆನಪಿನದು. ನಾಲ್ಕು ತೆಂಗಿನ ಗರಟೆ, ಕೆಂಪು ಬಾಲ್ದಿಯ ಹತ್ತಿರದ್ದರಲ್ಲಿ ಮಾತ್ರ ಕಾಳು. ಮರುದಿನ ಎಲ್ಲ ಗರಟೆ ಖಾಲಿ ಇಟ್ಟು ಬಿಟ್ಟರೂ ಹಲಗೆಯ ಮರಿಗಳು ಬಾಲ್ದಿಯತ್ತಲೇ ಓಡಿದವು. ಉಳಿದವು ಯಾವುದು ಮೊದಲು ಕಂಡಿತೋ ಅದಕ್ಕೆ.

ನಿನಗೆ ಬೇಕಾದ ಮರಿ ಯಾವುದೆಂದು ದಾರ ನೋಡಿದರೆ ಗೊತ್ತಾಗುತ್ತದೆ, ಬೇಕಾದ ಹಾಗೆ ಹೊತ್ತು ಅಳೆದಿದ್ದೀಯ ಎಂದರು ಡಾಕ್ಟರು. ಸಿಟ್ಟು ನೆತ್ತಿಗೇರಿತು. ಕೆಲಸದವಳಿಂದ ದಾರಗಳನ್ನೆಲ್ಲ ಬಿಚ್ಚಿಸಿ, ರೆಕ್ಕೆಯ ಕೆಳಗೆ ಅವಳಿಗೆ ಮಾತ್ರ ಗೊತ್ತಿರುವ ಗುರುತು ಹಾಕಿಸಿದೆ. ಮೊಬೈಲನ್ನು ಡಾಕ್ಟರ ಕೈಗೇ ಕೊಟ್ಟೆ. ಎರಡು ದಿನ ಅವರೇ ಕುಕ್ಕುರುಗಾಲಿನಲ್ಲಿ ಕೂತು ಅಳೆದರು. ಕೊನೆಗೆ ಗುರುತು ನೋಡಿ ಬೇರೆ ಮಾಡಿದಾಗ ಉತ್ತರ ಅದೇ ಬಂತು. ಅವರು ಎದ್ದು ಮೊಣಕಾಲು ಉಜ್ಜಿಕೊಂಡರು. ಹಲಗೆ ಇಟ್ಟುಕೋ, ಅಗಸೂರಿಗೆ ಬೇಕಾದರೆ ಈ ಮರಿ ಕೊಡು, ಆದರೆ ಕಾಗದದ ಮೇಲೆ ಏನೂ ಬರಬಾರದು ಎಂದರು. ಹಳೆಯ ವರದಿ ಹಾಗೇ ಇರಲಿ. ಇಷ್ಟು ವರ್ಷ ಹಂಚಿದ ಮರಿಗಳ ಕಥೆ ಯಾರಾದರೂ ಕೇಳಿದರೆ ಉತ್ತರ ಯಾರು ಕೊಡುವುದು?

ಮರಿ ತೆಗೆದುಕೊಂಡು ಅಗಸೂರಿಗೆ ಹೋದೆ. ಅಧ್ಯಕ್ಷೆ ಬುಟ್ಟಿಯ ಮುಚ್ಚಳವನ್ನೂ ತೆಗೆಯಲಿಲ್ಲ.

“ಮೊದ್ಲು ಕಾಗದ. ಆಮೇಲೆ ಮರಿ.”

ನಾನೂ ಬಿಡಲಿಲ್ಲ. ಈ ಮರಿ ಗೂಡಿಗೆ ಬರುತ್ತದೋ ಇಲ್ಲವೋ ನಿಮ್ಮ ಬಲೆಯ ಹತ್ತಿರವೇ ನೋಡೋಣ, ಬಂದರೆ ಬರೆಯುತ್ತೇನೆ ಎಂದೆ. ಬರದಿದ್ದರೆ ಎಂದು ಕೇಳಿದರು. ಬರದಿದ್ದರೆ ನನ್ನ ಹಳೆ ಸಾಲೇ ಉಳಿಯುತ್ತದೆ ಎಂದೆ. ಅಷ್ಟು ಕೆಟ್ಟ ಮಾತು ನಾನು ಇನ್ನೊಬ್ಬರಿಗೆ ಆಡಿದ್ದು ನೆನಪಿಲ್ಲ. ಅವರು ನನ್ನ ಮುಖವನ್ನೇ ನೋಡಿ, ಬುಟ್ಟಿ ಎತ್ತಿಕೊಂಡರು. ಹನ್ನೆರಡು ಮರಿಗಳನ್ನೂ ಒಂದೊಂದಾಗಿ, ನನ್ನ ಕಣ್ಣೆದುರಿಗೇ, ಒರಳುಕಲ್ಲಿಗೆ ಮೂರು ಮೂರು ಸುತ್ತು ಬರಿಸಿದರು. ಒಂದನ್ನೂ ಬಿಡಲಿಲ್ಲ.

ಹಿಂದಿನ ಸಲ ಮಾಡಿದ ಹಾಗೆಯೇ ನಾಲ್ಕು ದಿನ ಮರಿಗಳನ್ನು ಗೂಡಿನಲ್ಲೇ ಕೂಡಿಟ್ಟರು. ಮತ್ತೆ ಮೂರು ದಿನ ಹಿತ್ತಿಲಿನ ಒಳಗೆ ಮಾತ್ರ ಬಿಟ್ಟು, ಕಿಂಡಿಯವರೆಗೆ ಓಡಾಡಿ ಬರಲು ಬಿಟ್ಟರು. ಎಂಟನೆಯ ದಿನ ಮಧ್ಯಾಹ್ನ ಮುಂದಿನ ಅಂಗಳಕ್ಕೆ ಬಿಡುವುದೆಂದು ತೀರ್ಮಾನವಾಯಿತು. ನಾನು ಹೋದಾಗ ಹದಿನಾರು ಜನರೂ ಬಂದಿದ್ದರು. ಅವರ ಜೊತೆ ಸಂಘ ಬಿಟ್ಟ ಇಬ್ಬರೂ ಇದ್ದರು. ಬಿಸಿಲು ಇಳಿಯಿತು. ಹಳೆ ಕೋಳಿಗಳನ್ನು ಮೊದಲೇ ಹಿಡಿದು ಒಳಗೆ ಹಾಕಿದ್ದರು, ಅವುಗಳನ್ನು ನೋಡಿ ಹಿಂದೆ ಹೋದವು ಎಂದು ಆಮೇಲೆ ಯಾರೂ ಹೇಳಬಾರದೆಂದು. ಇಷ್ಟು ಯೋಚನೆ ನನಗೂ ಹೊಳೆದಿರಲಿಲ್ಲ.

ಮರಿಗಳು ಬಲೆಯ ಹತ್ತಿರ ಬಂದವು. ಗೂಡು ಕಂಡಿತು. ಮೊದಲ ಮರಿ ಕೊಕ್ಕು ತೂರಿಸಿತು. ಅದು ಕೊಕ್ಕು ಎಳೆದುಕೊಂಡು, ತಲೆ ಓರೆ ಮಾಡಿ, ಗೂಡಿಗೆ ಬೆನ್ನು ಹಾಕಿ ಬಚ್ಚಲ ಗೋಡೆಯ ಕಡೆ ನಡೆಯಿತು. ಅದರ ಹಿಂದೆ ಎರಡು. ಆಮೇಲೆ ಉಳಿದವು, ಒಂದೊಂದಾಗಿ, ಅವಸರವಿಲ್ಲದೆ, ಕಿಂಡಿ ದಾಟಿದವು. ಹನ್ನೊಂದು ಮರಿ ಗೂಡು ಹತ್ತಿದವು. ಒಂದು ಮಾತ್ರ ಬಲೆಗೆ ಎದೆ ಒತ್ತಿ ನಿಂತೇ ಇತ್ತು. ನಾನು ಅದರ ಕಡೆ ಹೆಜ್ಜೆ ಹಾಕಿದೆ.

“ಮುಟ್ಟಬ್ಯಾಡಿ,” ಎಂದರು ಅಧ್ಯಕ್ಷೆ. “ಅದನ್ನೂ ಬರೀಬೇಕು ನೀವು.”

ಅದು ಅಲ್ಲೇ ಕೂತು ಕಣ್ಣು ಮುಚ್ಚಿತು. ಅಧ್ಯಕ್ಷೆಯೇ ಹೋಗಿ ಎತ್ತಿ ಒಳಗೆ ಹಾಕಿದರು. ಆಮೇಲೆ ಜಗಲಿಯ ಮೇಲೆ ನನಗೆ ಜಾಗ ತೋರಿಸಿದರು. ನೀರು ಬೆಲ್ಲ ಅವತ್ತೂ ಬರಲಿಲ್ಲ.

ಬ್ಯಾಗಿನಿಂದ ಕಾಗದ ತೆಗೆದೆ. ಡಾಕ್ಟರ ಮಾತು, ಮಾರ್ಚ್ ತಿಂಗಳು, ನನ್ನ ಸಂಬಳದಲ್ಲಿ ಬರುವ ಅಮ್ಮನ ಔಷಧಿ ಎಲ್ಲವೂ ತಲೆಯೊಳಗೆ ಓಡಿತು. ಬರೆಯದೆ ಎದ್ದು ಹೋಗಲು ಆಗಲೂ ಆಗುತ್ತಿತ್ತು. ಎಲ್ಲರೂ ನೋಡುತ್ತಿದ್ದರು. 'ಹಿಂದಿನ ವರದಿಯಲ್ಲಿ ನಾನು ನಿರ್ಲಕ್ಷ್ಯವೆಂದು ಬರೆದದ್ದು ತಪ್ಪು. ಘಟಕದಲ್ಲಿ ಮರಿಗಳನ್ನು ಬೆಳೆಸಿದ ರೀತಿಯಿಂದ ಅವು ದಾರಿ ಕಲಿಯದೆ ಹೋಗಿರುವ ಸಾಧ್ಯತೆ ಇದೆ' ಎಂದು ಬರೆದೆ. ಅಧ್ಯಕ್ಷೆ ಕನ್ನಡಕ ಏರಿಸಿ ಓದಿದರು. 'ಸಾಧ್ಯತೆ ಇದೆ' ಎಂಬಲ್ಲಿ ಬೆರಳು ನಿಲ್ಲಿಸಿದರು.

“ನಮ್ಮ ತಪ್ಪು ಬರೀವಾಗ ಈ ಮಾತು ಹಾಕಿರ್ಲಿಲ್ಲ ನೀವು.”

ಹೊಡೆದುಹಾಕಿದೆ. 'ದಾರಿ ಕಲಿಯಲಿಲ್ಲ' ಎಂದು ತಿದ್ದಿದೆ. ಎರಡು ಆವರಣ, ಹಲಗೆ, ಸತ್ತ ಹನ್ನೊಂದು ಮರಿ, ಬಲೆಯ ಪರೀಕ್ಷೆ, ಆ ಸಂಜೆ ಉಳಿದ ಒಂದು ಮರಿ, ಎಲ್ಲವನ್ನೂ ಬರೆದೆ. ಮೂಢನಂಬಿಕೆ ಎಂಬ ಪದಕ್ಕೆ ಕ್ಷಮೆ ಕೇಳಿದೆ. ಸಹಿ ಹಾಕಲು ಹೊರಟಾಗ ಅವರು ಕೈ ಅಡ್ಡ ಹಿಡಿದರು. ಇನ್ನೊಂದು ಸಾಲು ಸೇರಿಸಿ ಎಂದರು. ಸಂಘದ ಬೇಡಿಕೆ ಎಂದು ಬರೆಯಿರಿ ಎಂದರು.

“ಮುಂದಿನ ಸಲ ನಮಗೆ ಮರಿ ಬ್ಯಾಡ. ತತ್ತಿ ಕೊಡಿ ಸಾಕು. ನಮ್ಮ ಕೋಳಿ ಕೆಳಗೆ ನಾವೇ ಕೂಡ್ರಿಸ್ತೇವೆ.”

ಜಗಲಿಯ ಮೇಲೆ ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಮೊಟ್ಟೆ ಕೊಟ್ಟರೆ ಸಾಕು ಎಂದಾದ ಮೇಲೆ ಬಲ್ಬು ಬೇಡ, ತಗಡು ಬೇಡ, ನನ್ನ ಹಲಗೆಗಳೂ ಬೇಡ, ಮೇಲ್ವಿಚಾರಕಿಯಂತೂ ಬೇಡವೇ ಬೇಡ. ಎರಡು ವಾರ ಇದೇ ಅಂಗಳದ ಕಲ್ಲಿನ ಮೇಲೆ ಕೂತು, ತಾಯಿಕೋಳಿ ಕಲಿಸುವುದನ್ನು ಬಿಟ್ಟು ನಾನು ಕಂಡದ್ದು ಬೇರೆ ಏನು? ಅವರನ್ನು ಆ ಕ್ಷಣ ದ್ವೇಷಿಸಿದೆ. ಅವರು ಹೇಳಿದ ಸಾಲನ್ನು, ಒಂದು ಪದವನ್ನೂ ಬದಲಿಸದೆ, ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ಸಹಿ ಹಾಕಿ ಅವರ ಕೈಗೆ ಕೊಟ್ಟೆ.